ಹುಲ್ಲು ಉಸಿರಾಡುತ್ತಿತ್ತು

ಮಳೆಗಾಲ ಇನ್ನೇನು ಮುಗೀತು ಅನ್ನುವ ಹೊತ್ತಿಗೆ ಅಪ್ಪಯ್ಯ ಫೋನ್ ಮಾಡಿದ್ದರು. ಊಟ ಆಯ್ತಾ, ಆಫೀಸು ಹೇಗಿದೆ, ಕಾರಿನ ಕಂತು ಇನ್ನೆಷ್ಟಿದೆ ಎಲ್ಲ ಕೇಳಿ ಆದಮೇಲೆ ಸ್ವಲ್ಪ ಸಂಕೋಚದಿಂದ, "ತಮ್ಮಾ, ಈ ಹೊಸ ಟಿವೀಲಿ ಮ್ಯಾಚ್ ನೋಡುವಾಗ ಹುಲ್ಲು ಉಸಿರಾಡ್ತದೆ ಮಾರಾಯ" ಅಂದರು.

ನಾನು ನಕ್ಕೆ. "ಹುಲ್ಲು ಉಸಿರಾಡೋದಾ?"

"ಹೌದು. ಬೌಲರ್ ಓಡಿ ಬರ್ತಾನಲ್ಲ, ಅವನ ಹಿಂದಿನ ಹುಲ್ಲು. ಒಂದ್ಸಲ ಎಳೆ ಎಳೆಯಾಗಿ ಚೆಂದ ಕಾಣ್ತದೆ. ಆಮೇಲೆ ನಿಧಾನಕ್ಕೆ ಹಸಿರು ಬಣ್ಣ ಬಳಿದ ಹಾಗೆ ಆಗಿಬಿಡ್ತದೆ. ತಕ್ಷಣ ಮತ್ತೆ ಎಳೆ ಎಳೆ. ಒಂದು, ಎರಡು, ಒಂದು, ಎರಡು. ನಾನು ಎಣಿಸಿದೆ."

ಆಗ ನಾನು ಹೇಳಬೇಕಾಗಿದ್ದ ಮಾತು ಒಂದಿತ್ತು. ಹೇಳಿದ್ದು ಬೇರೆ. "ವಯಸ್ಸಾಯ್ತಲ್ಲ ಅಪ್ಪಯ್ಯ, ಪೊರೆ ಬಂದಿರಬಹುದು. ಸಾಗರಕ್ಕೆ ಹೋಗಿ ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ."

ಈ ಮಾತು ಯಾಕೆ ಇಷ್ಟು ದಿನ ನನ್ನನ್ನು ಕೊರೆಯುತ್ತಿದೆ ಅಂತ ಹೇಳಬೇಕಾದರೆ ನಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆ ಅನ್ನುವುದನ್ನು ಹೇಳಬೇಕು. ನನ್ನದು ವಿಡಿಯೋ ಕಂಪ್ರೆಶನ್. ಸ್ಟುಡಿಯೋದಿಂದ ಬಂದ ದಪ್ಪ ಚಿತ್ರವನ್ನು ಉಪಗ್ರಹದ ಸಪೂರ ಕೊಳವೆಯಲ್ಲಿ ತೂರಿಸುವ ಸಾಫ್ಟ್‌ವೇರ್ ಬರೆಯುವುದು, ಅದನ್ನು ಗಿರಾಕಿ ಕಂಪನಿಯ ಚಾನೆಲ್‌ಗಳಿಗೆ ಹೊಂದಿಸಿಕೊಡುವುದು.

ಲೆಕ್ಕ ನೋಡಿ. ಫುಲ್ ಎಚ್‌ಡಿ ಅಂದರೆ 1920 ಅಡ್ಡ, 1080 ಉದ್ದ. ಒಂದು ಚಿತ್ರಕ್ಕೆ 20 ಲಕ್ಷದ ಮೇಲೆ ಚುಕ್ಕಿ. ಒಂದೊಂದು ಚುಕ್ಕಿಗೆ 24 ಬಿಟ್, ಸೆಕೆಂಡಿಗೆ 25 ಚಿತ್ರ ಅಂತ ಗುಣಿಸಿದರೆ ಸೆಕೆಂಡಿಗೆ ಸುಮಾರು 124 ಕೋಟಿ ಬಿಟ್ ಆಗುತ್ತೆ. ಆ ಚಾನೆಲ್ಲಿಗೆ ಉಪಗ್ರಹದಲ್ಲಿ ಸೆಕೆಂಡಿಗೆ 80 ಲಕ್ಷ ಬಿಟ್‌ನ ಜಾಗ ಸಿಕ್ಕಿದೆ ಅಂತಿಟ್ಟುಕೊಳ್ಳಿ, ಅದು ಒಳ್ಳೆಯ ಪಾಲೇ. ಅಂದರೂ 155ರಲ್ಲಿ ಒಂದು ಪಾಲು ಮಾತ್ರ ನಿಮ್ಮ ಮನೆಗೆ ಬಂತು. ಉಳಿದ 154 ಪಾಲನ್ನು ದಾರಿಯಲ್ಲೇ ಬಿಟ್ಟು, ಬಿಟ್ಟದ್ದು ನಿಮಗೆ ಗೊತ್ತಾಗದ ಹಾಗೆ ಮಾಡುವುದೇ ನಮ್ಮ ವಿದ್ಯೆ.

ಇದರಲ್ಲಿ ದೊಡ್ಡ ಭಾಗ ಮೋಸವೇ ಅಲ್ಲ. ಗೋಡೆ ಮುಂದೆ ಕೂತು ಸುದ್ದಿ ಓದುವವರ ಹಿಂದಿನ ಗೋಡೆಯನ್ನು ಸೆಕೆಂಡಿಗೆ 25 ಸಲ ಕಳಿಸುವ ಅಗತ್ಯ ಏನಿದೆ? ಒಂದು ಸಲ ಕಳಿಸಿ, "ಗೋಡೆ ಹಾಗೇ ಇದೆ" ಅಂದರೆ ಆಯಿತು. ಮನುಷ್ಯರ ಕಣ್ಣು ಬೆಳಕು ನೆರಳನ್ನು ಹಿಡಿದಷ್ಟು ಸೂಕ್ಷ್ಮವಾಗಿ ಬಣ್ಣವನ್ನು ಹಿಡಿಯುವುದಿಲ್ಲ. ಹಾಗಾಗಿ ಪಕ್ಕಪಕ್ಕದ ನಾಲ್ಕು ಚುಕ್ಕಿಗೆ ಬಣ್ಣದ ಲೆಕ್ಕ ಒಂದೇ ಕಳಿಸುತ್ತೇವೆ. ಉಳಿದದ್ದನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕವನ್ನೂ ನಿಧಾನದ ಅಲೆ ಮತ್ತು ಚುರುಕಿನ ಅಲೆಗಳ ಮಿಶ್ರಣ ಅಂತ ಬರೆಯುತ್ತೇವೆ. ಮುಖ, ಆಕಾಶ, ಗೋಡೆ ಎಲ್ಲ ನಿಧಾನದ ಅಲೆಯಲ್ಲಿ ಕೂತಿರುತ್ತೆ. ಹುಲ್ಲಿನ ಎಳೆ, ಸೀರೆಯ ನೇಯ್ಗೆ, ಜೋಗದಲ್ಲಿ ಬೀಳುವ ನೀರಿನ ತುಂತುರು ಚುರುಕಿನ ಅಲೆಯಲ್ಲಿ. ಜಾಗ ಸಾಲದೆ ಬಂದಾಗ ಮೊದಲು ಕತ್ತರಿ ಬೀಳುವುದು ಈ ಚುರುಕಿನ ಅಲೆಗಳಿಗೆ.

ಈ ಅಲೆಗಳ ಗಣಿತಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಅಂತ ಹೆಸರು. ಅದನ್ನು ಹೊಳೆಯಿಸಿಕೊಂಡವರು ನಮ್ಮೂರಿನವರು ಅಂತ ಹೇಳಿಕೊಳ್ಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಾಸಿರ್ ಅಹ್ಮದ್, ಬೆಂಗಳೂರಲ್ಲಿ ಹುಟ್ಟಿ, 1961ರಲ್ಲಿ ಯುವಿಸಿಇಯಲ್ಲಿ ಬಿ.ಇ. ಮುಗಿಸಿ ಅಮೆರಿಕಕ್ಕೆ ಹೋದವರು. ಕೆ.ಆರ್. ಸರ್ಕಲ್ ಸಿಗ್ನಲ್ಲಿನಲ್ಲಿ ನಿಂತಾಗ ನಾವು ದಿನಾ ನೋಡುವ ಅದೇ ಕಾಲೇಜು. 1972ರಲ್ಲಿ ಅವರು ಈ ಸಂಶೋಧನೆಗೆ ಹಣ ಕೇಳಿ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿಗೆ ಅರ್ಜಿ ಹಾಕಿದರೆ, ವಿಷಯ ತೀರಾ ಸರಳವಾಯಿತು ಅನ್ನುವ ಅಭಿಪ್ರಾಯ ಬಂದು ಅರ್ಜಿ ಬಿದ್ದುಹೋಯಿತು. ಹಣ ಇಲ್ಲದೆಯೇ ಕೆಲಸ ಮುಂದುವರಿಸಿ 1974ರಲ್ಲಿ ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜತೆ ಪ್ರಬಂಧ ಪ್ರಕಟಿಸಿದರು. ಇವತ್ತು ವಾಟ್ಸಾಪಿನ ಗುಡ್ ಮಾರ್ನಿಂಗ್ ಫೋಟೋದಿಂದ ಹಿಡಿದು ಡಿಟಿಎಚ್ ಪೆಟ್ಟಿಗೆ ತನಕ ಆ ಗಣಿತವೇ ಓಡುತ್ತಿದೆ.

ಸರಿ, ಹುಲ್ಲು ಯಾಕೆ ಉಸಿರಾಡುತ್ತೆ? ಟಿವಿ ಚಿತ್ರಗಳೆಲ್ಲ ಒಂದೇ ಜಾತಿಯಲ್ಲ. ಅರ್ಧ ಸೆಕೆಂಡಿಗೋ ಒಂದು ಸೆಕೆಂಡಿಗೋ ಒಮ್ಮೆ ಪೂರ್ತಿ ಹೊಸದಾಗಿ ಬರೆದ ಚಿತ್ರ ಬರುತ್ತೆ. ಅದನ್ನು ಐ-ಫ್ರೇಮ್ ಅನ್ನುತ್ತೇವೆ. ನೀವು ಚಾನೆಲ್ ಬದಲಾಯಿಸಿದಾಗ ಬೇಗ ಚಿತ್ರ ಮೂಡುವುದು ಇದರಿಂದ. ನಡುವೆ ಬರುವುದೆಲ್ಲ "ಹಿಂದಿನದಕ್ಕೂ ಇದಕ್ಕೂ ಇಷ್ಟು ವ್ಯತ್ಯಾಸ" ಅನ್ನುವ ಚೀಟಿಗಳು. ಬಿಟ್ ಧಾರಾಳವಾಗಿದ್ದರೆ ಚೀಟಿಯಲ್ಲಿ ಹುಲ್ಲಿನ ಎಳೆಯ ಲೆಕ್ಕವೂ ಇರುತ್ತೆ. ಬಿಗಿ ಹಿಡಿದರೆ ಎಳೆಗಳು ಒಂದೊಂದೇ ಮಾಸುತ್ತಾ ಹೋಗಿ, ಮುಂದಿನ ಐ-ಫ್ರೇಮ್ ಬಂದಾಗ ತಟ್ಟನೆ ಮತ್ತೆ ಚಿಗುರುತ್ತವೆ. ನಮ್ಮ ಕಡೆ ಇದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ಗೊತ್ತಾ? ಬ್ರೀದಿಂಗ್. ಉಸಿರಾಟ. ಎಸ್ಸೆಸ್ಸೆಲ್ಸಿ ಓದಿದ ಅಡಿಕೆ ಬೆಳೆಗಾರರೊಬ್ಬರು ಯಾರೂ ಹೇಳಿಕೊಡದೆ ಅದೇ ಹೆಸರಿಟ್ಟಿದ್ದರು. ಅವರ ಮಗ, ಆ ವಿಷಯದಲ್ಲೇ ಸಂಬಳ ಎಣಿಸುವವನು, ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಅಂದಿದ್ದ.

ಅಪ್ಪಯ್ಯನ ಕಣ್ಣು ಸಾಮಾನ್ಯದ್ದಲ್ಲ. ಬೇಯಿಸಿ ಒಣಗಿಸಿದ ಅಡಿಕೆಯ ರಾಶಿಯ ಮುಂದೆ ಕೂತರೆ ಹಸ, ಬೆಟ್ಟೆ, ರಾಶಿ, ಗೊರಬಲು ಅಂತ ಕೈ ತಾನೇ ತಾನಾಗಿ ನಾಲ್ಕು ಕಡೆ ಹೋಗುತ್ತೆ. ನಲವತ್ತು ವರ್ಷದ ಅಭ್ಯಾಸ. ಇನ್ನೊಂದು ಸಂಗತಿ. ಎಚ್‌ಡಿ ಚಿತ್ರವನ್ನು ಪರದೆಯ ಎತ್ತರದ ಮೂರರಷ್ಟು ದೂರದಲ್ಲಿ ಕೂತು ನೋಡಬೇಕು ಅನ್ನುವುದು ಎಂಜಿನಿಯರುಗಳ ಲೆಕ್ಕ. ನಾನು ಕೊಡಿಸಿದ 43 ಇಂಚಿನ ಟಿವಿಗೆ ಅದು ಐದು ಅಡಿ ಚಿಲ್ಲರೆ. ಜಗಲಿಯಲ್ಲಿ ಅಪ್ಪಯ್ಯನ ಖುರ್ಚಿ ಇರುವುದು ಸರಿಯಾಗಿ ಅಷ್ಟೇ ದೂರದಲ್ಲಿ. ನಮ್ಮ ಅಪಾರ್ಟ್‌ಮೆಂಟಿನ ಸೋಫಾದಲ್ಲಿ ಮೊಬೈಲ್ ಒತ್ತುತ್ತಾ ಕೂತ ನನಗೆ ಆ ಉಸಿರು ಎಲ್ಲಿ ಕಾಣಬೇಕು.

ಈಗ ಬಿಟ್ ಬಿಗಿ ಹಿಡಿಯುವವರು ಯಾರು ಅನ್ನುವ ವಿಷಯ. ಉಪಗ್ರಹದ ಒಂದು ಟ್ರಾನ್ಸ್‌ಪಾಂಡರಿನಲ್ಲಿ ಹಲವು ಚಾನೆಲ್‌ಗಳು ಒಟ್ಟಿಗೆ ಕೂತಿರುತ್ತವೆ, ಕೂಡು ಕುಟುಂಬದ ಹಾಗೆ. ಬಿಟ್‌ಗಳ ಒಂದೇ ಕಣಜ. ಯಾವ ಚಾನೆಲ್ಲಿನಲ್ಲಿ ಈಗ ಓಡಾಟ ಜಾಸ್ತಿ, ಯಾವುದರಲ್ಲಿ ಸುಮ್ಮನೆ ಒಬ್ಬರು ಕೂತು ಮಾತಾಡುತ್ತಿದ್ದಾರೆ ಅಂತ ಯಂತ್ರ ಕ್ಷಣ ಕ್ಷಣಕ್ಕೂ ನೋಡಿ ಹಂಚುತ್ತೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹಂಚಿಕೆಯ ಕಟ್ಟಳೆ ಮನುಷ್ಯರು ಬರೆದದ್ದು. ಒಂದು ಎಕ್ಸೆಲ್ ಹಾಳೆ: ಚಾನೆಲ್ಲಿನ ಹೆಸರು, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಆದ್ಯತೆ ಎಷ್ಟು. ಅಂಥ ಹಾಳೆಗಳನ್ನು ನಾನೇ ತುಂಬಿದ್ದೇನೆ. ದೊಡ್ಡ ಮ್ಯಾಚ್ ಇರುವ ದಿನ ಪಕ್ಕದ ಚಾನೆಲ್ಲಿನ ಯಕ್ಷಗಾನದ ವೇಷ ಕುಣಿಯುವಾಗ ಕಲಸಿದ ಬಣ್ಣದಂತೆ ಕಂಡರೆ ಅದರಲ್ಲಿ ನನ್ನಂಥವನ ಕೈವಾಡ ಇರುತ್ತೆ.

ಎರಡು ವರ್ಷದ ಹಿಂದಿನ ಒಂದು ಮೀಟಿಂಗ್. ಗಿರಾಕಿ ಅದೇ ಟ್ರಾನ್ಸ್‌ಪಾಂಡರಿನಲ್ಲಿ ಇನ್ನೊಂದು ಚಾನೆಲ್ ತೂರಿಸಬೇಕು ಅಂದಿದ್ದ. ಹಿಂದಿನ ತಿಂಗಳಷ್ಟೇ ಪ್ರೀಮಿಯಂ ಚಾನೆಲ್ಲುಗಳ ಕನಿಷ್ಠ ಮಟ್ಟ ಇಳಿಸಿದ್ದೆವು.

"ಕಂಪ್ಲೇಂಟ್ ಎಷ್ಟು ಬಂತು?" ಅಂತ ನಮ್ಮ ಲೀಡ್ ಕೇಳಿದರು.

"ಒಂದೂ ಇಲ್ಲ" ಅಂದೆ.

"ಹಂಗಾದ್ರೆ ಇನ್ನೂ ಜಾಗ ಇದೆ."

ಲೀಡ್ ಕೆಟ್ಟವರಲ್ಲ. ನನ್ನ ಮದುವೆಗೆ ರಾತ್ರಿ ಬಸ್ಸಲ್ಲಿ ಊರಿಗೆ ಬಂದು, ಅಪ್ಪಯ್ಯನ ಪಕ್ಕದಲ್ಲಿ ಕೂತು ತೊಡದೇವು ಹಾಕಿಸಿಕೊಂಡು ತಿಂದವರು. ಅವರ ವಾದದಲ್ಲೂ ಹುರುಳಿದೆ. ಹಿಂಡಿ ಹಿಂಡಿ ಜಾಗ ಮಾಡಿದ್ದಕ್ಕೇ ಚಾನೆಲ್ ಹೆಚ್ಚಾದದ್ದು, ದರ ಇಳಿದದ್ದು. ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್ ಮನೆ ಮನೆಗೆ ಮುಟ್ಟುತ್ತಿರುವುದೂ ಕಂಪ್ರೆಶನ್ನಿನ ಪುಣ್ಯದಿಂದಲೇ. ಹುಲ್ಲಿನ ಎಳೆ ಉಳಿಸಲು ಹೋಗಿ ಒಂದು ಚಾನೆಲ್ಲನ್ನೇ ಬಿಡಬೇಕಾ? ಅದೂ ಅಲ್ಲದೆ, ನೋಡುವವರು ಮೂಲ ಚಿತ್ರ ಕಂಡವರಲ್ಲ. ಕಾಣದ್ದು ಕಳೆದರೆ ಕಳೆದಂತೆ ಹೇಗಾಯಿತು?

ಈ ಪ್ರಶ್ನೆಯನ್ನು ನಾನು ತುಂಬಾ ದಿನ ಮೆಲುಕು ಹಾಕಿದೆ. ಗೊತ್ತೇ ಆಗದ ನಷ್ಟ ನಷ್ಟವೋ ಅಲ್ಲವೋ? ಉತ್ತರದ ಒಂದು ತುದಿ ಸಿಕ್ಕಿದ್ದು ನಮ್ಮ ಕಸುಬಿನ ಒಂದು ದಾಖಲೆಯಲ್ಲೇ. ಚಿತ್ರದ ಗುಣಮಟ್ಟವನ್ನು ಜನರಿಗೆ ತೋರಿಸಿ ಅಳೆಯುವುದು ಹೇಗೆ ಅಂತ ಐಟಿಯು ಸಂಸ್ಥೆಯ ಶಿಫಾರಸೊಂದಿದೆ, ಬಿಟಿ.500 ಅಂತ. ಕನಿಷ್ಠ 15 ಜನರನ್ನು ಕೂರಿಸಿ ಮೂಲ ಚಿತ್ರ, ಕುಗ್ಗಿಸಿದ ಚಿತ್ರ ಎರಡನ್ನೂ ತೋರಿಸಿ ಅಂಕ ಹಾಕಿಸಬೇಕು. ಕೊರತೆ ಕಾಣುವುದೇ ಇಲ್ಲ ಅಂದರೆ 5. ಕಾಣುತ್ತೆ ಆದರೆ ಕಿರಿಕಿರಿ ಇಲ್ಲ, 4. ಸ್ವಲ್ಪ ಕಿರಿಕಿರಿ, 3. ಕಿರಿಕಿರಿ, 2. ತೀರಾ ಕಿರಿಕಿರಿ, 1. ಕೂರಿಸುವ ಮೊದಲು ಅವರ ಕಣ್ಣು ಪರೀಕ್ಷೆ ಮಾಡಬೇಕು, ಬಣ್ಣಗುರುಡು ಇದೆಯಾ ನೋಡಬೇಕು ಅಂತಲೂ ಅದರಲ್ಲಿದೆ.

5ಕ್ಕೂ 4ಕ್ಕೂ ನಡುವೆ ಬರೀ ಒಂದು ಅಂಕದ ವ್ಯತ್ಯಾಸ ಅಂತ ಮೊದಲು ಅಂದುಕೊಂಡಿದ್ದೆ. ಈಗ ಹಾಗನ್ನಿಸಲ್ಲ. 5ರಲ್ಲಿ ನಾವು ಬಳಸಿಕೊಳ್ಳುವುದು ಕಣ್ಣಿನ ಮಿತಿಯನ್ನು. ಕಣ್ಣಿಗೆ ಹಿಡಿಯಲಾಗದ್ದನ್ನು ಬಿಟ್ಟರೆ ಯಾರಿಗೂ ಏನೂ ಹೋಗಲಿಲ್ಲ. 4ರಿಂದ ಕೆಳಗೆ ನಾವು ಬಳಸಿಕೊಳ್ಳುವುದು ತಾಳ್ಮೆಯ ಮಿತಿಯನ್ನು. ಕಣ್ಣಿನ ಮಿತಿ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ತಾಳ್ಮೆ ಹಾಗಲ್ಲ. ಎಚ್‌ಎಸ್‌ಆರ್ ಲೇಔಟಿನ ಹುಡುಗ ಚಿತ್ರ ಮಂಕಾಯಿತು ಅಂದರೆ ಎರಡು ನಿಮಿಷದಲ್ಲಿ ಸ್ಕ್ರೀನ್‌ಶಾಟ್ ಹಾಕಿ ಕಂಪನಿಯನ್ನು ಟ್ಯಾಗ್ ಮಾಡುತ್ತಾನೆ. ಅಪ್ಪಯ್ಯ ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ ರೀಚಾರ್ಜಿಗೆ 1 ಒತ್ತಿ, ಸಿಗ್ನಲ್ ಇಲ್ಲದಿದ್ದರೆ 2 ಒತ್ತಿ ಅನ್ನುತ್ತೆ. ಹುಲ್ಲು ಉಸಿರಾಡಿದರೆ ಎಷ್ಟು ಒತ್ತಬೇಕು? ಅವರ ಸುಮ್ಮನಿರುವಿಕೆಯನ್ನು ನಾವು ಒಪ್ಪಿಗೆ ಅಂತ ಹಾಳೆಯಲ್ಲಿ ಬರೆದುಕೊಂಡೆವು. ಯಾರಿಗೆ ತಾಳ್ಮೆ ಜಾಸ್ತಿಯೋ ಅವರಿಂದ ಜಾಸ್ತಿ ಕಿತ್ತುಕೊಂಡೆವು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಗಾದೆ ಗೊತ್ತಲ್ಲ. ನಮ್ಮದು ಅದಕ್ಕಿಂತ ಮುಂದುವರಿದ ಬೆಕ್ಕು. ಕಣ್ಣು ಮುಚ್ಚಲ್ಲ, ಹಾಲಿಟ್ಟವರ ಕಣ್ಣು ಎಷ್ಟು ಮಂದ ಅಂತ ಮೊದಲೇ ಅಳೆದುಕೊಂಡು ಬಂದಿರುತ್ತೆ.

ಹಾಲಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಂದಿನಿ ನೀಲಿ ಪ್ಯಾಕೆಟ್ಟಿನಲ್ಲಿ ಕೊಬ್ಬು 3 ಪರ್ಸೆಂಟ್ ಅಂತ ಬರೆದಿರುತ್ತೆ. ಕೊಟ್ಟಿಗೆಯ ಹಾಲಿಗಿಂತ ತೆಳು ಅಂತ ಗೊತ್ತಿದ್ದೇ ಕೊಳ್ಳುತ್ತೇವೆ, ಮೋಸ ಅನ್ನಲ್ಲ. ಬೇಕಾದವರು ಇನ್ನೊಂದು ಬಣ್ಣದ ಪ್ಯಾಕೆಟ್ ತಗೋತಾರೆ. ಟಿವಿ ಚಾನೆಲ್ಲುಗಳಿಗೂ 2019ರಿಂದ ಒಂದೊಂದಕ್ಕೂ ಎಂಆರ್‌ಪಿ ಬಂತು, ಟ್ರಾಯ್ ನಿಯಮದಿಂದ. ಬೆಲೆ ಬಂತು, ಕೊಬ್ಬಿನ ಲೆಕ್ಕ ಬರಲಿಲ್ಲ. ಎಚ್‌ಡಿ ಅನ್ನುವ ಎರಡಕ್ಷರ ಹೇಳುವುದು ಲೋಟ ಎಷ್ಟು ದೊಡ್ಡದು ಅಂತ ಮಾತ್ರ. ಒಳಗಿನ ಹಾಲು ಎಷ್ಟು ಗಟ್ಟಿ ಅನ್ನುವುದು ನನ್ನಂಥವನ ಎಕ್ಸೆಲ್ ಹಾಳೆಯಲ್ಲಿರುತ್ತೆ. ಅದೇ ಟ್ರಾಯ್ ಆದೇಶದಲ್ಲಿ ನೆಟ್‌ವರ್ಕ್ ಶುಲ್ಕಕ್ಕೆ ಒಂದು ಎಚ್‌ಡಿ ಚಾನೆಲ್ಲನ್ನು ಎರಡು ಮಾಮೂಲಿ ಚಾನೆಲ್ ಅಂತ ಎಣಿಸಿದ್ದರು. ಚುಕ್ಕಿಗಳ ಲೆಕ್ಕದಲ್ಲಿ ಎಚ್‌ಡಿ ಚಿತ್ರ ಮಾಮೂಲಿಯ ಐದು ಪಟ್ಟು. ಅಳತೆಗೋಲುಗಳೇನೋ ಇವೆ, ನೋಡುವವರ ಕೈಗೆ ಮಾತ್ರ ಒಂದೂ ಸಿಕ್ಕಿಲ್ಲ.

ಚಿಕ್ಕಂದಿನ ಟಿವಿ ನೆನಪಾಗುತ್ತೆ. ಆಂಟೆನಾ ಅಡಿಕೆ ದಬ್ಬೆಗೆ ಕಟ್ಟಿ ಮಾಡಿನ ಪಕ್ಕ ನಿಲ್ಲಿಸಿದ್ದರು. ಅಪ್ಪಯ್ಯ ಹೊರಗೆ ನಿಂತು ತಿರುಗಿಸುವುದು, ನಾನು ಒಳಗಿನಿಂದ "ಬಂತು, ಬಂತು, ಹೋಯ್ತು!" ಅಂತ ಕೂಗುವುದು. ಚಿತ್ರ ಈಗಿನದಕ್ಕೆ ಹೋಲಿಸಿದರೆ ದರಿದ್ರ. ಆದರೆ ಸಿಗ್ನಲ್ ಸಾಲದೆ ಇದ್ದಾಗ ಪರದೆ ತುಂಬಾ ಬಿಳಿ ಚುಕ್ಕಿ ಕುಣಿಯುತ್ತಿತ್ತು, ಸರ್ರ್ ಅನ್ನುತ್ತಿತ್ತು. ನನಗೆ ಸಿಕ್ಕಿದ್ದೇ ಇಷ್ಟು, ಉಳಿದದ್ದು ಗೊತ್ತಿಲ್ಲ ಅಂತ ಟಿವಿಯೇ ಒಪ್ಪಿಕೊಂಡಂತೆ. ಈಗಲೂ ಜೋರು ಮಳೆ ಬಂದು ಡಿಶ್ ಹೋದರೆ ಚಿತ್ರ ಚೌಕ ಚೌಕವಾಗಿ ಒಡೆದು ಕಪ್ಪಾಗುತ್ತೆ. "ಮಳೆಗೆ ಹೋಯ್ತು" ಅಂತ ಅಮ್ಮ ಎದ್ದು ಒಳಗೆ ಹೋಗುತ್ತಾರೆ. ಅಂಥ ಹೊತ್ತಿನಲ್ಲಿ ಯಾರೂ ತಮ್ಮ ಕಣ್ಣನ್ನು ಅನುಮಾನಿಸಲ್ಲ. ನಾವು ಮಾಡುವ ಕಡಿತ ಹಾಗಲ್ಲ. ಗೊತ್ತಿಲ್ಲದ ಜಾಗಕ್ಕೆ ಅಕ್ಕಪಕ್ಕದ ಬಣ್ಣ ಬಳಿದು, ಎಲ್ಲ ಸರಿಯಾಗಿಯೇ ಇದೆ ಅಂತ ನಿಲ್ಲುತ್ತೆ. ಹೌದಾ ಅಂತ ಅನುಮಾನ ಬಂದವರು ಸಿಗ್ನಲ್ ನೋಡಿದರೆ ಪೂರ್ತಿ ಇರುತ್ತೆ, ಟಿವಿ ಹೊಸದು, ಕಟ್ಟಿದ ಪ್ಯಾಕೂ ದುಬಾರಿಯದೇ. ದೋಷ ಹುಡುಕಲು ಉಳಿಯುವುದು ಅವರ ಕಣ್ಣು ಮಾತ್ರ.

ಅಪ್ಪಯ್ಯ ನಿಜವಾಗಿಯೂ ಸಾಗರಕ್ಕೆ ಹೋಗಿ ಬಂದರು. ಬಸ್ಸಲ್ಲಿ, ಮಳೆಯಲ್ಲಿ. ಪೊರೆ ಇಲ್ಲ, ಓದುವ ಕನ್ನಡಕದ ನಂಬರ್ ಸ್ವಲ್ಪ ಏರಿದೆ ಅಷ್ಟೇ ಅಂದರಂತೆ ಡಾಕ್ಟರು. "ಕಣ್ಣು ಸರಿ ಇದ್ಯಂತೆ. ಆದ್ರೂ ಆ ಹುಲ್ಲು..." ಅಂತ ಫೋನಲ್ಲಿ ಶುರು ಮಾಡಿದವರು, "ಹೋಗ್ಲಿ ಬಿಡು" ಅಂದುಬಿಟ್ಟರು. ಆವತ್ತೂ ಹೇಳಬಹುದಿತ್ತು, ಹೇಳಲಿಲ್ಲ. ಅವರು ನೋಡುತ್ತಿದ್ದ ಚಾನೆಲ್ಲಿನ ಎನ್‌ಕೋಡರ್ ನಮ್ಮದಾ ಅಂತ ಆಫೀಸಿನಲ್ಲಿ ಒಂದು ಮೆಸೇಜ್ ಹಾಕಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಅದನ್ನೂ ಕೇಳಲಿಲ್ಲ. ಕೇಳದೆ ಇದ್ದರೆ "ಅದು ನಮ್ಮದಲ್ಲದೆಯೂ ಇರಬಹುದು" ಅಂತ ಅಂದುಕೊಳ್ಳಲು ಜಾಗ ಇರುತ್ತಲ್ಲ.

ಡಿಸೆಂಬರಿನಲ್ಲಿ ಅಮ್ಮ ಫೋನಲ್ಲಿ ಮಾತಿನ ನಡುವೆ ಅಂದರು: "ಈ ವರ್ಷ ಅಡಿಕೆ ಆರ್ಸಕ್ಕೆ ಬೇರೆಯವ್ರನ್ನ ಕರ್ಸಿದಾರೆ ನಿನ್ನ ಅಪ್ಪಯ್ಯ. ಕಣ್ಣಿನ ಮೇಲೆ ನಂಬಿಕೆ ಇಲ್ಲ, ಹಸ ಬೆಟ್ಟೆ ಅದಲು ಬದಲಾದ್ರೆ ಕಷ್ಟ ಅಂತ."

ಆ ಶುಕ್ರವಾರ ರಾತ್ರಿಯೇ ಬಸ್ ಹತ್ತಿದೆ.

ಎರಡನೇ ಕೊಯ್ಲಿನ ಅಡಿಕೆ ಸುಲಿಯುತ್ತಿದ್ದರು. ಜನ ಎದ್ದು ಹೋದಮೇಲೆ ಮೆಟ್ಟುಗತ್ತಿ ಮುಂದೆ ಅಪ್ಪಯ್ಯ ಒಬ್ಬರೇ ಉಳಿದಿದ್ದರು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಐ-ಫ್ರೇಮ್, ಚೀಟಿ, ಕಣಜ, ಎಕ್ಸೆಲ್ ಹಾಳೆ, ಮೀಟಿಂಗು. ಕೈ ನಿಲ್ಲಿಸದೆ ಕೇಳಿದರು. ಕೊನೆಗೆ, "ಹಂಗಾದ್ರೆ ನಿಜವಾಗ್ಲೂ ಉಸಿರಾಡ್ತಿತ್ತು" ಅಂದರು.

"ಹೌದು."

ಇನ್ನೆರಡು ಅಡಿಕೆ ಸುಲಿದು ಹಾಕಿದರು. "ನಿಂಗೆ ಆವತ್ತೇ ಗೊತ್ತಿತ್ತು."

ನಾನು ಹ್ಞೂಂ ಅಂದೆ.

ಕೆಲಸ ಬಿಡಲಿಲ್ಲ ನಾನು, ಮನೆ ಸಾಲ ಇದೆ. ವಾಪಸ್ ಹೋದಮೇಲೆ ಮೀಟಿಂಗಿನಲ್ಲಿ, ಕಂಪ್ಲೇಂಟ್ ಸೊನ್ನೆ ಅನ್ನುವುದನ್ನು ಗುಣಮಟ್ಟದ ಅಳತೆ ಅಂತ ಬರೆಯುವುದು ಬೇಡ, ಆ ಕಾಲಂ ತೆಗೆಯೋಣ ಅಂದೆ. ಲೀಡ್ ನನ್ನ ಮುಖ ನೋಡಿದರು, ತೆಗೆದರು. ಕನಿಷ್ಠ ಮಟ್ಟ ಅಷ್ಟೇ ಇದೆ.

ಆದರೆ ಊರಿನ ಮಾತು ಇನ್ನೂ ಮುಗಿದಿಲ್ಲ. ಮಾರನೇ ದಿನ ನಾನು ಏಳುವಷ್ಟರಲ್ಲಿ ಅಪ್ಪಯ್ಯ ಆರಿಸಿಟ್ಟ ಮೂಟೆಗಳನ್ನು ಅಂಗಳದಲ್ಲಿ ಸುರುವಿಕೊಂಡು ಮತ್ತೆ ಆರಿಸುತ್ತಿದ್ದರು. "ಇಲ್ ನೋಡು, ಬೆಟ್ಟೆ ಒಳಗೆ ಎಷ್ಟು ಗೊರಬಲು ಬಿಟ್ಟಿದಾನೆ" ಅಂತ ಒಂದು ಹಿಡಿ ಎತ್ತಿ ತೋರಿಸಿದರು. ನನಗೆ ವ್ಯತ್ಯಾಸ ಕಾಣಲಿಲ್ಲ.

ಸಂಜೆ ಮ್ಯಾಚ್ ಇತ್ತು. ಪಕ್ಕದ ಮನೆಯವರೂ ಬಂದು ಕೂತಿದ್ದರು. ಅಪ್ಪಯ್ಯ ಖುರ್ಚಿಯಿಂದ ಮುಂದೆ ಬಾಗಿ ಪರದೆಗೆ ಬೆರಳು ತೋರಿಸಿ, "ಅಲ್ ನೋಡು, ಹುಲ್ಲು ಉಸಿರಾಡ್ತಾ ಇದೆ" ಅಂದರು.

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ನಂಗೇನೂ ಕಾಣ್ತಿಲ್ಲಪ್ಪ."

"ಹಂಗಾದ್ರೆ ಸಾಗರಕ್ಕೆ ಹೋಗಿ ಒಂದ್ಸಲ ಕಣ್ಣು ತೋರಿಸ್ಕೊಂಡು ಬಾ" ಅಂತ ಅವರಿಗೆ ಹೇಳಿ, ಅಪ್ಪಯ್ಯ ನನ್ನ ಕಡೆ ತಿರುಗಿದರು.